ತಿನ್ನದ ಹಣ್ಣಿನ ವಾಸನೆ

ಕಳೆದ ತಿಂಗಳು ಆಲೂರಿನಿಂದ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಆಹಾರ ವಿಜ್ಞಾನದಲ್ಲಿ ಪದವಿ ಮುಗಿಸಿ, ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಕೆಲಸಕ್ಕೆ ಸೇರಲಿರುವವರು. ನಾನು ಅದೇ ಕೆಲಸವನ್ನು ಸಕಲೇಶಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲವು ವರ್ಷ ಮಾಡಿ ಬಿಟ್ಟವಳು. ಯಾಕೆ ಬಿಟ್ಟೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ನಿವೃತ್ತಿಯ ವಯಸ್ಸು ನನ್ನದಲ್ಲ, ಆದರೆ ಆ ಕೆಲಸದ ಮಟ್ಟಿಗೆ ನಾನು ನಿವೃತ್ತಳೇ.

"ಕೆಲ್ಸ ನಿಜವಾಗ್ಲೂ ಹೆಂಗಿರುತ್ತೆ ಮೇಡಂ?" ಎಂದು ಒಬ್ಬಳು ಕೇಳಿದಳು. ಕಾಫಿ ಕೊಟ್ಟು, ಚೆನ್ನಾಗಿರುತ್ತೆ, ತಾಳ್ಮೆ ಬೇಕು ಎಂದು ಏನೋ ಹೇಳಿ ಕಳುಹಿಸಿದೆ. ಅವರು ಗೇಟು ದಾಟುವ ಮೊದಲೇ ಆ ಉತ್ತರ ನನಗೇ ನಾಚಿಕೆ ತಂದಿತು. ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರುವಾಗ, ಜನರ ನಾಲಿಗೆಯ ಚಪಲದ ಜೊತೆ ಗುದ್ದಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಎದುರಿನ ಕುರ್ಚಿಯಲ್ಲಿ ಬಂದು ಕೂರುವವರು ಹೆಚ್ಚಾಗಿ ಹೆದರಿದವರು. ಚಪಲದವರು ನಾವು ಹೇಳಿದ್ದಕ್ಕಿಂತ ಕಡಿಮೆ ಪಥ್ಯ ಮಾಡುತ್ತಾರೆ. ಹೆದರಿದವರು ಹೇಳಿದ್ದಕ್ಕಿಂತ ಹೆಚ್ಚು ಮಾಡುತ್ತಾರೆ. ಮೊದಲನೆಯವರ ಬಗ್ಗೆ ನಮಗೆ ಪಾಠವಿತ್ತು, ಎರಡನೆಯವರ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಬಳಿ ಬರುತ್ತಿದ್ದವರಲ್ಲಿ ಬಹಳ ಮಂದಿ ಹೆಂಗಸರು ಕ್ಯಾಂಡಿಡಾದ ತೊಂದರೆಯವರು. ಇದು ಎಲ್ಲರ ಮೈಯಲ್ಲೂ ಇರುವ ಒಂದು ಶಿಲೀಂಧ್ರ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಾಗ ಬಾಯಿಯಲ್ಲಿ, ಗುಪ್ತಾಂಗದಲ್ಲಿ ಅತಿಯಾಗಿ ಬೆಳೆದು ಉರಿ, ತುರಿಕೆ ಕೊಡುತ್ತದೆ. ಯಾರೂ ಅದನ್ನು ಹೆಸರಿಟ್ಟು ಹೇಳುತ್ತಿರಲಿಲ್ಲ. "ಕೆಳಗಡೆ ಉರಿ" ಎಂದು ಮೇಜಿಗೆ ಹೇಳುತ್ತಿದ್ದರು, ನನಗಲ್ಲ. ನಾನೂ ಹೆಚ್ಚು ಮಾತಿನವಳಲ್ಲ. ಅವರು ಮೇಜನ್ನು ನೋಡುವಾಗ ನಾನೂ ಮೇಜನ್ನೇ ನೋಡುತ್ತಿದ್ದೆ. ಇದರಿಂದ ಅವರಿಗೆ ಸಮಾಧಾನವಾಗುತ್ತಿತ್ತು ಎಂದು ನನ್ನ ಅಂದಾಜು.

ಈ ತೊಂದರೆಗೆ ಒಂದು ಪಥ್ಯ ಪ್ರಚಾರದಲ್ಲಿದೆ. ಸಕ್ಕರೆ, ಸಿಹಿ ಹಣ್ಣು, ಹಾಲು ಎಲ್ಲ ಬಿಟ್ಟರೆ ಶಿಲೀಂಧ್ರ ಉಪವಾಸ ಬಿದ್ದು ಸಾಯುತ್ತದೆ ಎನ್ನುವುದು ಅದರ ತರ್ಕ. ಅಷ್ಟು ಕಟ್ಟುನಿಟ್ಟಿಗೆ ಗಟ್ಟಿ ಪುರಾವೆ ಇಲ್ಲ. ರಕ್ತದ ಸಕ್ಕರೆ ಹತೋಟಿಗೆ ಬರಬೇಕು, ವೈದ್ಯರು ಕೊಟ್ಟ ಔಷಧಿ ಪೂರ್ತಿ ಮುಗಿಸಬೇಕು. ಊಟದಲ್ಲಿ ನಾವು ಮಾಡಬಹುದಾದದ್ದು ಇಷ್ಟೇ: ಹಲಸು, ಸಪೋಟ, ಕಳಿತ ಬಾಳೆ, ಯಾವುದೇ ಹಣ್ಣಿನ ರಸ ಕಡಿಮೆ ಮಾಡಿ, ಸೀಬೆ, ನೆಲ್ಲಿ, ಬೆಣ್ಣೆಹಣ್ಣು ಎನ್ನುವ ಅವಕಾಡೊ ಇಂಥವನ್ನು ಇಟ್ಟುಕೊಳ್ಳುವುದು. ಸಿಹಿ ಬೆರೆಸಿದ ಹಾಲು, ಪಾಯಸ ಬಿಟ್ಟು ಮನೆಯ ಮೊಸರು, ಮಜ್ಜಿಗೆ, ಸ್ವಲ್ಪ ತುಪ್ಪ ಉಳಿಸಿಕೊಳ್ಳುವುದು. ಹಣ್ಣನ್ನೂ ಹಾಲನ್ನೂ ಪೂರ್ತಿ ತೆಗೆದುಹಾಕುವುದಲ್ಲ, ಆರಿಸಿಕೊಳ್ಳುವುದು. ಈ ವ್ಯತ್ಯಾಸವನ್ನು ಎದುರಿನವರ ತಲೆಗೆ ತಲುಪಿಸುವುದೇ ನನ್ನ ಕೆಲಸವಾಗಿತ್ತು.

ನಮ್ಮ ಹಿರಿಯ ವೈದ್ಯರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಾಲೇಜಿನಿಂದ ತಂದಿದ್ದ ಪಥ್ಯದ ಪಟ್ಟಿಯನ್ನು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು.

"ಬ್ಲೂಬೆರಿ ಅಂತ ಬರ್ದಿದೀಯಲ್ಲಮ್ಮ, ಸಕಲೇಶಪುರದ ಸಂತೇಲಿ ಯಾವ ಸಾಲಲ್ಲಿ ಮಾರ್ತಾರೆ?"

ನಾನು ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಸಂತೆಗೆ ಹೋಗಿ ಬಾ. ಚೀಲ ತಗೊಂಡು ಹೋಗು. ನಂಗೂ ಒಂದೆರಡು ಸೀಬೆಹಣ್ಣು ತಾ."

ಹೋದೆ. ಬೆಣ್ಣೆಹಣ್ಣನ್ನು ಪೇಟೆಯವರು ದುಬಾರಿ ಬೆಲೆ ಕೊಟ್ಟು ತಿನ್ನುತ್ತಾರೆ, ಇಲ್ಲಿನ ಕಾಫಿ ತೋಟಗಳಲ್ಲಿ ಅದು ನೆರಳಿನ ಮರದಿಂದ ಉದುರಿ ಹಂದಿಗೆ ಹೋಗುತ್ತದೆ ಎನ್ನುವುದು ನನಗೆ ತಿಳಿದದ್ದು ಆವತ್ತು. ಮರುದಿನದಿಂದ ನನ್ನ ಪಥ್ಯದಲ್ಲಿ ಹಿತ್ತಲಲ್ಲಿ ಸಿಗದ ಯಾವ ಹಣ್ಣೂ ಇರಲಿಲ್ಲ.

ಆದರೂ ಎಡವಟ್ಟುಗಳು ತಪ್ಪಲಿಲ್ಲ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದ ಒಬ್ಬ ಹೆಂಗಸಿಗೆ ಸಿಹಿ ಹಾಲು ಬೇಡ ಎಂದಿದ್ದೆ. ಮುಂದಿನ ಸಲ ಬಂದಾಗ ಸಕ್ಕರೆ ಮೊದಲಿಗಿಂತ ಏರಿತ್ತು.

"ಹಾಲು ಮುಟ್ಟಿಲ್ಲ ಕಣ್ರೀ. ಬರೀ ಕಪ್ಪು ಕಾಫಿ."

"ಬೆಲ್ಲ?"

"ಹಾಲಿಲ್ದೆ ಕಹಿ ಅಲ್ವಾ? ಅದಕ್ಕೆ ಎರಡು ಉಂಡೆ ಜಾಸ್ತಿ ಹಾಕ್ಕೊಂಡೆ."

ಇನ್ನೊಬ್ಬರು ರೈಟರು, ಎಸ್ಟೇಟಿನ ಲೆಕ್ಕ ನೋಡುವವರು. ಬೆಣ್ಣೆಹಣ್ಣು ತಿನ್ನಬಹುದು ಎಂದದ್ದಕ್ಕೆ ದಿನಾ ಒಂದನ್ನು ಹಾಲು, ಸಕ್ಕರೆಯ ಜೊತೆ ಅರೆದು ಕುಡಿದು, ನೀವೇ ಹೇಳಿದ್ದು ಎಂದು ನನ್ನ ಮೇಲೆ ಹಾಕಿದರು. ಇವನ್ನೆಲ್ಲ ನೆನೆಸಿಕೊಂಡು ನಗಬಹುದು. ಕಡಿಮೆ ಪಥ್ಯದ ಎಡವಟ್ಟುಗಳು ಹೀಗೇ ಇರುತ್ತವೆ, ನಕ್ಕು ತಿದ್ದಬಹುದು. ಕಮಲಕ್ಕನದು ಇನ್ನೊಂದು ಬಗೆಯದು.

ಕಮಲಕ್ಕ ಹೆತ್ತೂರು ಕಡೆಯ ಸಣ್ಣ ಕಾಫಿ ಬೆಳೆಗಾರರ ಮನೆಯವರು. ಐವತ್ತು ದಾಟಿರಬಹುದು. ಮಳೆಗಾಲದ ಒಂದು ಬೆಳಿಗ್ಗೆ ಗಂಡ ಜಯಣ್ಣನವರ ಜೊತೆ ಬಂದರು. ಸಕ್ಕರೆ ಕಾಯಿಲೆ ಹಳೆಯದು, ಉರಿಯ ತೊಂದರೆ ಆ ವರ್ಷದ್ದು. ಔಷಧಿಗೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದನ್ನು ಆಕೆ ನಿಲ್ಲಿಸಿದ್ದರು, ನಾಲ್ಕು ಜನರ ನಡುವೆ ಒಂದೇ ಕಡೆ ಕೂತಿರಲು ಆಗುತ್ತಿರಲಿಲ್ಲ. ಜಯಣ್ಣ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದರು. ಹೆಂಡತಿಯ ಇಂಥ ಕಾಯಿಲೆಯ ಮಾತನ್ನು ಇನ್ನೊಬ್ಬರೆದುರು ಕೇಳಿಸಿಕೊಳ್ಳುವುದು ಅವರಿಗೆ ಕಷ್ಟವಾಗಿತ್ತು.

ದೊಡ್ಡ ಡಾಕ್ಟ್ರು ಅವರನ್ನು ಮಾತಿಗೆ ಎಳೆಯಲೆಂದೇ ಹೇಳಿದರು: "ಗೌಡ್ರೇ, ಇದೇನು ಹೊಸದಲ್ಲ. ಮಳೆಗಾಲದಲ್ಲಿ ನಿಮ್ಮ ಕಾಫಿ ಗಿಡಕ್ಕೆ ಕೊಳೆರೋಗ ಬರಲ್ವಾ? ಅದೂ ಒಂಥರಾ ಬೂಷ್ಟು, ಇದೂ ಬೂಷ್ಟು. ಅನುಕೂಲ ಸಿಕ್ಕಿದ ಕಡೆ ಬೆಳೀತದೆ."

ಜಯಣ್ಣ ನೆಟ್ಟಗೆ ಕೂತರು. "ಓ, ಹಂಗೆ," ಎಂದರು. ನಾಚಿಕೆ ಹೋಗಿತ್ತು.

ಕಮಲಕ್ಕ ನನ್ನ ಕಡೆ ನೋಡಿ, "ಈಗ ಅರ್ಥ ಆಯ್ತು ನೋಡಿ ಇವ್ರಿಗೆ. ಇದೇ ಗಿಡಕ್ಕೆ ಬಂದಿದ್ರೆ ಯಾವತ್ತೋ ಔಷಧಿ ಹೊಡ್ಸಿರೋರು," ಎಂದರು.

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಎಷ್ಟು ಚೆನ್ನಾಗಿ ತಿಳಿಸಿದರು ಎಂದು ಮೆಚ್ಚಿಕೊಂಡೆ ಕೂಡ.

ನಾನು ಆಕೆಗೆ ಹೇಳಿದ್ದು ಎಲ್ಲರಿಗೂ ಹೇಳುತ್ತಿದ್ದುದೇ. ಒಂದು ಮುದ್ದೆ, ಸ್ವಲ್ಪ ಅನ್ನ, ಸೊಪ್ಪು, ಕಾಳು. ಅರ್ಧ ಸೀಬೆಹಣ್ಣು. ಒಂದು ಬಟ್ಟಲು ಮೊಸರು. ಬೇಕಾದಷ್ಟು ನೀರು. ಸಕ್ಕರೆಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ, ಆಕೆ ಎರಡರ ಹೆಸರು ಹೇಳಿದರು, ಎರಡೂ ಹಳೆಯ ಸಾಮಾನ್ಯ ಮಾತ್ರೆಗಳು.

"ಕಿತ್ತಳೆ?" ಎಂದು ಎದ್ದು ಹೋಗುವಾಗ ಮೆಲ್ಲಗೆ ಕೇಳಿದರು. ಅವರ ತೋಟದಲ್ಲಿ ಹಳೆಯ ಕಿತ್ತಳೆ ಮರಗಳಿದ್ದವು.

"ಹಣ್ಣಾದಾಗ ಸಣ್ಣದೊಂದು ತಿನ್ನಿ. ರಸ ಮಾಡಬೇಡಿ."

"ಬ್ಯಾಡ ಬುಡು. ಬೂಷ್ಟು ಹೋಗ್ಲಿ ಮೊದ್ಲು," ಎಂದರು ಜಯಣ್ಣ.

ಮಳೆ ಹಿಂದಾದ ಮೇಲೆ ಎರಡನೇ ಸಲ ಬಂದರು. ಉರಿ ಕಡಿಮೆಯಾಗಿತ್ತು. ಆಕೆಯ ಮೈ ಇಳಿದಿತ್ತು, ರವಿಕೆಯ ತೋಳು ಸಡಿಲವಾಗಿತ್ತು. ಜಯಣ್ಣನವರಿಗೆ ಹೆಮ್ಮೆ. ಕೊಳೆರೋಗಕ್ಕೆ ಏನೇನು ಮಾಡುತ್ತಾರೆ ಎಂದು ನನಗೆ ವಿವರಿಸಿದರು. ಮರಗಸಿ, ಎಂದರೆ ನೆರಳಿನ ಮರದ ಕೊಂಬೆ ಕಡಿದು ಬಿಸಿಲು ಬಿಡುವುದು. ಗಿಡದ ಬುಡದಲ್ಲಿ ತೇವ ನಿಲ್ಲದಂತೆ ಮಾಡುವುದು. ಕೊಳೆತ ಎಲೆಯನ್ನು ಆರಿಸಿ ತೆಗೆಯುವುದು.

"ಇವ್ಳಿಗೂ ಹಂಗೇ, ಅನ್ನ ನಿಲ್ಲಿಸ್ಬುಟ್ಟೆ. ನೋಡಿ ಬೂಷ್ಟು ಹೆಂಗೆ ಬಗ್ತು."

"ಅನ್ನ ನಿಲ್ಲಿಸಿ ಅಂತ ನಾನು ಹೇಳಿರಲಿಲ್ಲ."

"ನೀವು ಪಾಪ, ಮೆತ್ತಗೆ ಹೇಳ್ತೀರ."

ಕಮಲಕ್ಕ ಆಗ ಗಿಣ್ಣಿನ ವಿಷಯ ತೆಗೆದರು. ಪಕ್ಕದ ಮನೆಯ ಹಸು ಕರು ಹಾಕಿ, ಅವರು ಗಿಣ್ಣು ಕಾಯಿಸಿ ಕಳಿಸಿದ್ದರು. ನಮ್ಮಲ್ಲಿ ಬೇರೆ ಏನನ್ನು ಬೇಡ ಎಂದರೂ ಗಿಣ್ಣನ್ನು ಬೇಡ ಎನ್ನುವುದಿಲ್ಲ, ಕೊಟ್ಟವರ ಮನಸ್ಸು ನೋಯುತ್ತದೆ.

"ಕಣ್ಣಿಗೊತ್ಕೊಂಡು ಕೂಲಿಯೋರಿಗೆ ಕೊಟ್ಬುಟ್ಟೆ. ನಾಲ್ಗೆಗೂ ಮುಟ್ಟಿಸ್ಲಿಲ್ಲ. ಆಯಮ್ಮ ಈಗ ನನ್ನ ಮಾತಾಡ್ಸದೇ ಇಲ್ಲ."

"ಒಂದು ಚಮಚ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ ಕಮಲಕ್ಕ."

"ಹೆದ್ರಿಕೆ ಕಣವ್ವ," ಎಂದರು. ಅವರ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅದನ್ನು ನೋಡಿ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನೀರು ಕುಡಿಯಿರಿ, ಮುದ್ದೆ ಬಿಡಬೇಡಿ, ಮೊಸರು ಬಿಡಬೇಡಿ ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. "ಆಯ್ತು ಬುಡಿ," ಎಂದು ಜಯಣ್ಣ ಎದ್ದರು.

ಆಮೇಲೆ ಕಾಫಿ ಕುಯ್ಲು ಶುರುವಾಯಿತು. ಆ ಕಾಲದಲ್ಲಿ ತೋಟದವರು ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಕಾಯಿಲೆಗಳೆಲ್ಲ ಕುಯ್ಲು ಮುಗಿಯುವವರೆಗೆ ಕಾಯುತ್ತವೆ, ಅಥವಾ ಕಾಯುತ್ತವೆ ಎಂದು ಜನ ಅಂದುಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಜಯಣ್ಣನವರ ಫೋನು ಬಂತು. ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು.

"ಮೇಡಂ, ಒಂದು ಕಂಪ್ಲೇಂಟು. ನಿಮ್ಮ ಪೇಷೆಂಟು ಕದ್ದು ಹಣ್ಣು ತಿಂತಾವ್ಳೆ."

ಅವರ ದನಿಯಲ್ಲಿ ಅರ್ಧ ತಮಾಷೆ ಇತ್ತು. ನಾನೂ ನಗುತ್ತಲೇ, ತಿನ್ನಲಿ ಬಿಡಿ, ಸ್ವಲ್ಪ ತಿಂದರೆ ಒಳ್ಳೆಯದೇ ಎಂದೆ.

"ಅಲ್ಲ ಕಣ್ರೀ, ಕೇಳಿದ್ರೆ ತಿಂದಿಲ್ಲ ಅಂತಾಳೆ. ಬಾಯಿ ಬಿಟ್ರೆ ಕಳಿತ ಹಣ್ಣಿನ ವಾಸ್ನೆ ಹೊಡೀತೈತೆ. ನಿನ್ನೆಯಿಂದ. ಕಿತ್ತಳೆ ಬುಡದಲ್ಲೆಲ್ಲ ಸಿಪ್ಪೆ ಹುಡುಕ್ದೆ, ಸಿಗ್ಲಿಲ್ಲ. ಎಲ್ಲಿ ಹೂಣಾಕ್ತಾಳೋ."

ನನ್ನ ನಗು ನಿಂತಿತು. ಸಕ್ಕರೆ ಕಾಯಿಲೆಯವರ ಪ್ರಾಣಕ್ಕೆ ಬಂದಾಗ ಉಸಿರಿಗೆ ಅಂಥ ವಾಸನೆ ಬರುತ್ತದೆ ಎಂದು ನಾನು ಓದಿದ್ದೆ. ಆವರೆಗೆ ಯಾರಲ್ಲೂ ಕಂಡಿರಲಿಲ್ಲ.

"ಊಟ ಏನು ಮಾಡುತ್ತಿದ್ದಾರೆ?"

"ಉರಿ ವಾಪಸ್ ಬಂತಲ್ಲ, ಅದಕ್ಕೆ ಪೂರ್ತಿ ಬಿಗಿ ಮಾಡ್ದೆ. ಫೋನಲ್ಲಿ ಒಂದು ವೀಡಿಯೋ ಬಂದಿತ್ತು. ಅನ್ನ ಇಲ್ಲ, ಮುದ್ದೆ ಇಲ್ಲ, ಹಣ್ಣಿಲ್ಲ, ಹಾಲು ಮೊಸರು ಇಲ್ಲ. ಮೊಟ್ಟೆ, ಸೊಪ್ಪು, ತುಪ್ಪ. ಈಗ ಅದೂ ಸೇರ್ತಿಲ್ಲ, ಕಕ್ಕೊಂತಾಳೆ."

"ನೀರು?"

"ಕಮ್ಮಿ ಮಾಡ್ಸಿದೀನಿ. ಬೂಷ್ಟಿಗೆ ತೇವ ತಾನೇ ಜೀವ."

ಆ ಮನುಷ್ಯ ಹೆಂಡತಿಯನ್ನು ತನಗೆ ಗೊತ್ತಿದ್ದ ರೀತಿಯಲ್ಲಿ, ತಾನು ಬಲ್ಲ ಅತ್ಯುತ್ತಮ ಕ್ರಮದಲ್ಲಿ, ಒಂದು ಕಾಫಿ ಗಿಡವನ್ನು ಉಳಿಸುವಂತೆ ಉಳಿಸಲು ಹೊರಟಿದ್ದರು.

"ಸಕ್ಕರೆ ನೋಡಿದಿರಾ?"

"ಅದೇ ಹೇಳಕ್ಕೆ ಬಂದೆ. ಮೀಟರಲ್ಲಿ ಬೆಳಿಗ್ಗೆನೂ ನೋಡ್ದೆ, ಚೆನ್ನಾಗೈತೆ. ಇಷ್ಟು ಒಳ್ಳೆ ನಂಬರು ಯಾವತ್ತೂ ಬಂದಿರ್ಲಿಲ್ಲ."

ಇದು ನನ್ನನ್ನು ಗೊಂದಲಕ್ಕೆ ತಳ್ಳಿತು. ನಾನು ಓದಿದ್ದ ಕಾಯಿಲೆಯಲ್ಲಿ ಸಕ್ಕರೆ ಸಾಮಾನ್ಯವಾಗಿ ವಿಪರೀತ ಏರಿರುತ್ತದೆ. ಫೋನನ್ನು ಕಮಲಕ್ಕನ ಕೈಗೆ ಕೊಡಿ ಎಂದೆ. ಅಂಗಳ ದಾಟುವ ಸದ್ದು, ಬಾಗಿಲ ಸದ್ದು. ಆಮೇಲೆ ಪಲ್ಪರ್ ಸದ್ದಿಗಿಂತ ಹತ್ತಿರದಲ್ಲಿ ಇನ್ನೊಂದು ಸದ್ದು ಕೇಳಿತು. ಉಸಿರು. ಗುಡ್ಡ ಹತ್ತಿ ಬಂದವರ ಉಸಿರಿನ ಹಾಗೆ ಆಳವಾಗಿ, ಬಿಡುವಿಲ್ಲದೆ.

"ಕಮಲಕ್ಕ, ಎಲ್ಲಿಗಾದರೂ ನಡೆದು ಬಂದಿರಾ?"

"ಇಲ್ಲವ್ವ. ಮಲ್ಗಿದೀನಿ." ಒಂದು ಉಸಿರು. "ನಾನು ತಿಂದಿಲ್ಲ ಕಣವ್ವ." ಇನ್ನೊಂದು ಉಸಿರು. "ದೇವರಾಣೆ. ಇವ್ರು ನಂಬ್ತಿಲ್ಲ."

ಜಯಣ್ಣ ಮತ್ತೆ ಫೋನು ತೆಗೆದುಕೊಂಡಾಗ, ಈಗಲೇ ಕರೆದುಕೊಂಡು ಬನ್ನಿ ಎಂದೆ.

"ಗಾಡೀಲಿ ಕಾಫಿ ಹಣ್ಣು ತುಂಬ್ಸಿದೀನಲ್ಲ ಮೇಡಂ. ಷುಗರ್ ನಾರ್ಮಲ್ ಐತೆ. ಸಾಯಂಕಾಲ ಬಂದ್ರೆ ಆಗಲ್ವಾ?"

"ಗೌಡ್ರೇ, ಸಾಯಂಕಾಲಕ್ಕೆ ಅವರು ಇರ್ತಾರೋ ಇಲ್ವೋ ನನಗೆ ಗೊತ್ತಿಲ್ಲ."

ಯಾರ ಹತ್ತಿರವೂ ನಾನು ಹಾಗೆ ಮಾತಾಡಿದವಳಲ್ಲ. ಅವರು ಫೋನು ಹಿಡಿದುಕೊಂಡೇ ಆಳುಗಳಿಗೆ ಕೂಗಿದ್ದು ಕೇಳಿಸಿತು: "ಸುರೀರೋ ಹಣ್ಣ. ಇಲ್ಲೇ ಸುರೀರಿ. ಗಾಡಿ ಖಾಲಿ ಮಾಡಿ."

ಹೆತ್ತೂರಿನಿಂದ ಸಕಲೇಶಪುರಕ್ಕೆ ಬರುವ ರಸ್ತೆಯ ಪ್ರತಿ ತಿರುವೂ ನನಗೆ ಗೊತ್ತಿತ್ತು. ಕಾಯುತ್ತ ಅದನ್ನೇ ಮನಸ್ಸಿನಲ್ಲಿ ಇಳಿಯುತ್ತಿದ್ದೆ. ದೊಡ್ಡ ಡಾಕ್ಟ್ರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ತುರ್ತು ವಿಭಾಗದಲ್ಲಿದ್ದ ಕಿರಿಯ ವೈದ್ಯರಿಗೆ ವಿಷಯ ಹೇಳಿದೆ. ಸಕ್ಕರೆ ಸರಿಯಾಗಿದ್ದರೆ ಅದು ಹೇಗೆ ಸಾಧ್ಯ ಎಂದು ಅವರು ಕೇಳಿದರು. ನಾನು ಫೋನಿನಲ್ಲಿ ಕೇಳಿದ ಉಸಿರಿನ ಬಗ್ಗೆ ಹೇಳಿದೆ.

ಗಾಡಿ ಬಂತು. ಇಬ್ಬರು ಹಿಡಿದು ಇಳಿಸಿದರು. ಕಿರಿಯ ವೈದ್ಯರು ಬೆರಳು ಚುಚ್ಚಿ ಸಕ್ಕರೆ ನೋಡಿದರು, ಸರಿಯಾಗಿಯೇ ಇತ್ತು. "ಗ್ಯಾಸ್ಟ್ರಿಕ್ ಇರಬೇಕು. ಡ್ರಿಪ್ ಹಾಕೋಣ," ಎಂದರು.

"ಬಾಯಿ ವಾಸನೆ," ಎಂದೆ.

"ಯಾವ ವಾಸನೆ ಮೇಡಂ? ಗಾಡಿ, ಬಟ್ಟೆ, ಇವರು ಎಲ್ಲ ಪಲ್ಪರ್ ವಾಸನೆ ಹೊಡೀತಿದಾರೆ."

ಅದು ನಿಜವಾಗಿತ್ತು. ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಆ ಸಿಹಿ ಹುಳಿ ವಾಸನೆ ಜಯಣ್ಣನವರ ಅಂಗಿಯಿಂದ, ಕಮಲಕ್ಕನಿಗೆ ಹೊದಿಸಿದ್ದ ಕಂಬಳಿಯಿಂದ ಇಡೀ ಕೋಣೆಗೆ ತುಂಬಿತ್ತು. ನಾನು ಬಗ್ಗಿ ಆಕೆಯ ಬಾಯಿಗೆ ಮೂಗು ಹತ್ತಿರ ತಂದೆ. ನನಗೂ ಬೇರೆ ಮಾಡಿ ಹೇಳಲು ಆಗಲಿಲ್ಲ. ಆ ಗಳಿಗೆಯ ಹೆದರಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ನನ್ನ ಊಹೆ ತಪ್ಪಾಗಿದ್ದರೆ ಒಂದು ದಿನದ ಕುಯ್ಲನ್ನು ಅಂಗಳಕ್ಕೆ ಸುರಿಸಿದ್ದೇನೆ. ಊಹೆ ಸರಿಯಾಗಿದ್ದು ಯಾರೂ ನಂಬದಿದ್ದರೆ ಈಕೆ ಇಲ್ಲೇ, ಒಳ್ಳೆಯ ನಂಬರಿನ ಪಕ್ಕದಲ್ಲಿ ಮಲಗಿಕೊಂಡೇ ಹೋಗಿಬಿಡುತ್ತಾರೆ.

"ಕೀಟೋನ್ ಪಟ್ಟಿ ಒಂದು ನೋಡಿಬಿಡಿ. ಇಲ್ಲದಿದ್ದರೆ ನಾನು ಸುಮ್ಮನಾಗ್ತೀನಿ," ಎಂದೆ.

ದೇಹ ಕೊಬ್ಬನ್ನು ಉರಿಸುತ್ತಿದ್ದರೆ ಮೂತ್ರದಲ್ಲಿ ಬಣ್ಣ ಬದಲಿಸುವ ಪಟ್ಟಿ ಅದು. ಆದರೆ ಪರೀಕ್ಷೆಗೆ ಮೂತ್ರವೇ ಇರಲಿಲ್ಲ, ಅಷ್ಟು ಒಣಗಿದ್ದರು. ಡ್ರಿಪ್ ಸ್ವಲ್ಪ ಇಳಿದ ಮೇಲೆ ನರ್ಸ್ ಹೇಗೋ ನಾಲ್ಕು ಹನಿ ತಂದರು. ಪಟ್ಟಿ ಅದ್ದಿದೊಡನೆ ನಸುಗೆಂಪಾಗಿ, ನಾವು ನೋಡುತ್ತಿದ್ದಂತೆ ಕಡು ನೇರಳೆಗೆ ತಿರುಗಿತು. ಕಿರಿಯ ವೈದ್ಯರು ದೊಡ್ಡ ಡಾಕ್ಟ್ರನ್ನು ಕರೆಯಲು ಓಡಿದರು.

ದೊಡ್ಡ ಡಾಕ್ಟ್ರು ಬಂದು ಕೇಳಿದ್ದು ಒಂದೇ ಪ್ರಶ್ನೆ. "ಸಕ್ಕರೆಗೆ ಏನೇನು ಮಾತ್ರೆ?"

ಜಯಣ್ಣ ಅವೇ ಎರಡು ಹೆಸರು ಹೇಳಿದರು.

"ಸಕ್ಕರೆಗೆ ಅಲ್ಲ," ಎಂದೆ ನಾನು. "ಬೇರೆ ಯಾವುದಕ್ಕಾದರೂ? ಬಿಪಿಗೆ, ಹಾರ್ಟಿಗೆ?"

"ಹಾರ್ಟಿಂದು ಒಂದೈತೆ. ಮಂಗಳೂರಲ್ಲಿ ಕೊಟ್ಟಿದ್ದು. ಅದು ಸಕ್ಕರೇದಲ್ಲ." ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಕೊಟ್ಟರು. ದೊಡ್ಡ ಡಾಕ್ಟ್ರು ಹೆಸರು ಓದಿ ಕನ್ನಡಕ ತೆಗೆದರು.

ಅದು ಒಳ್ಳೆಯ ಮಾತ್ರೆ, ಹೃದಯಕ್ಕೆ ನಿಜವಾಗಿಯೂ ಒಳ್ಳೆಯದು, ಎಷ್ಟೋ ಜನರನ್ನು ಕಾಪಾಡಿದೆ. ಅದು ಕೆಲಸ ಮಾಡುವುದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮೂಲಕ. ಹಾಗೆ ಹೊರಹೋಗುವ ಸಕ್ಕರೆಯಲ್ಲೇ ಕ್ಯಾಂಡಿಡಾ ಬೆಳೆಯುತ್ತದೆ. ಆಕೆಯ ಉರಿ ಹೋದ ಹಾಗೆ ಮಾಡಿ ಮತ್ತೆಮತ್ತೆ ಬರುತ್ತಿದ್ದದ್ದು ಅದರಿಂದ, ಕಿತ್ತಳೆಯಿಂದಲ್ಲ, ಗಿಣ್ಣಿನಿಂದಲ್ಲ. ಆ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಮುದ್ದೆ, ಹಣ್ಣು, ಹಾಲು ಎಲ್ಲ ಬಿಟ್ಟು ನೀರನ್ನೂ ಕಡಿಮೆ ಮಾಡಿದರೆ, ದೇಹ ತನ್ನ ಕೊಬ್ಬನ್ನೇ ಉರಿಸತೊಡಗಿ ರಕ್ತ ಆಮ್ಲವಾಗುತ್ತದೆ. ಮೀಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಬಾಯಿಗೆ ಹಣ್ಣಿನ ವಾಸನೆ ಬರುತ್ತದೆ. ಹಣ್ಣನ್ನೇ ಮುಟ್ಟದವರ ಬಾಯಿಗೆ.

ಹಾಸನದ ದೊಡ್ಡ ಆಸ್ಪತ್ರೆಗೆ ಆಂಬ್ಯುಲೆನ್ಸಿನಲ್ಲಿ ಕಳುಹಿಸಿದರು. ನಾನೂ ಹತ್ತಿದೆ. ಹತ್ತು ಎಂದು ಯಾರೂ ಹೇಳಿರಲಿಲ್ಲ. ಆಲೂರು ದಾಟುವಾಗ ಕಮಲಕ್ಕ ಕಣ್ಣು ತೆರೆದು ನನ್ನ ಬೆರಳು ಹಿಡಿದರು.

"ತಿಂದಿಲ್ಲ ಅಂತ ಇವ್ರಿಗೆ ಹೇಳವ್ವ."

ಜೀವ ಉಳಿಯುವುದೋ ಇಲ್ಲವೋ ಎನ್ನುವ ಹೊತ್ತಿನಲ್ಲಿ ಆಕೆಗೆ ಬೇಕಾಗಿದ್ದದ್ದು ಅದೊಂದೇ. ನಾನು ಜಯಣ್ಣನವರ ಕಡೆ ತಿರುಗಿ, "ಅವರು ಏನೂ ತಿಂದಿಲ್ಲ. ಆ ವಾಸನೆ ಕಾಯಿಲೆಯದು," ಎಂದೆ. ಅವರು ಕಂಬಳಿಯನ್ನು ಆಕೆಯ ಪಾದದ ಮೇಲೆ ಎಳೆದು, ಆ ಪಾದವನ್ನು ಹಾಸನ ಬರುವವರೆಗೆ ಹಿಡಿದುಕೊಂಡೇ ಇದ್ದರು.

ಅಲ್ಲಿ ಇನ್ಸುಲಿನ್ ಜೊತೆಗೆ ಗ್ಲೂಕೋಸ್ ಏರಿಸಿದರು. ಬಾಟಲಿಯ ಮೇಲಿನ ಅಕ್ಷರ ಓದಿದ ಜಯಣ್ಣ ಹೊರಗೆ ಬಂದು ನನ್ನ ಪಕ್ಕ ನಿಂತರು.

"ಸಕ್ಕರೆ ನೀರು ಹಾಕ್ತಾವ್ರೆ ಕಣ್ರೀ. ಸಕ್ಕರೆ."

"ಈಗ ಅದೇ ಅವರಿಗೆ ಔಷಧಿ."

"ಹಂಗಾರೆ ನಾನು ಇಷ್ಟು ದಿನ..." ಎಂದು ನಿಲ್ಲಿಸಿದರು. ಅವರ ಅಂಗಿಯ ವಾಸನೆ ಮಾತ್ರ ಆ ಶುಭ್ರವಾದ ಕಾರಿಡಾರಿನಲ್ಲಿ ತುಂಬ ಹೊತ್ತು ನಿಂತಿತ್ತು.

ಕಮಲಕ್ಕ ಬದುಕಿದರು. ಆ ಮಾತ್ರೆಯನ್ನು ವೈದ್ಯರೇ ನಿಲ್ಲಿಸಿ ಬೇರೆ ಕೊಟ್ಟರು. ಉರಿ ಕ್ರಮೇಣ ಹೋಯಿತು. ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಆಸ್ಪತ್ರೆಗೆ ಬಂದು, "ಈಗ ಯಾವ ಹಣ್ಣು ತಿನ್ಲಿ?" ಎಂದು ಕೇಳಿದರು. ಮೊದಲ ದಿನ ಹೇಳಿದ್ದನ್ನೇ ಹೇಳಿದೆ. ಅರ್ಧ ಸೀಬೆ, ಒಂದು ಬಟ್ಟಲು ಮೊಸರು. ಈ ಸಲ ಜಯಣ್ಣ ನಡುವೆ ಬಾಯಿ ಹಾಕಲಿಲ್ಲ.

ಈ ಪ್ರಕರಣವಾದ ಮೇಲೆ ನಮ್ಮಲ್ಲಿ ಕೆಲವು ರೀತಿಗಳು ಬದಲಾದವು. ಸಕ್ಕರೆಗೆ ಯಾವ ಮಾತ್ರೆ ಎಂದು ನಾನು ಮತ್ತೆಂದೂ ಕೇಳಲಿಲ್ಲ. ಮನೆಯಲ್ಲಿ ನುಂಗುವ ಮಾತ್ರೆ ಎಲ್ಲವನ್ನೂ, ಯಾವುದಕ್ಕೇ ಇರಲಿ, ಒಂದು ಚೀಲಕ್ಕೆ ಹಾಕಿ ತನ್ನಿ ಎನ್ನುತ್ತಿದ್ದೆ. ಏನು ಬಿಟ್ಟಿದ್ದೀರಿ ಎಂದು ಮೊದಲು ಕೇಳಿ, ಏನು ತಿನ್ನುತ್ತೀರಿ ಎಂದು ಆಮೇಲೆ ಕೇಳುತ್ತಿದ್ದೆ. ಪಥ್ಯವನ್ನು ನಿಮ್ಮಷ್ಟಕ್ಕೆ ಬಿಗಿ ಮಾಡುವ ಮೊದಲು ಒಂದು ಫೋನು ಮಾಡಿ ಎಂದು ಬೇಸರ ಬರುವಷ್ಟು ಸಲ ಹೇಳುತ್ತಿದ್ದೆ. ದೊಡ್ಡ ಡಾಕ್ಟ್ರು ಆ ಕೊಳೆರೋಗದ ಹೋಲಿಕೆಯನ್ನು ಬಿಟ್ಟರು. ಒಮ್ಮೆ ಮಾತ್ರ, ಒಬ್ಬ ಬೆಳೆಗಾರರಿಗೆ ವಿವರಿಸಲು ಹೊರಟವರು, "ಇದೊಂಥರಾ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, "ಯಾವ ಥರಾನೂ ಅಲ್ಲ. ಇದು ಇದೇ ಥರ," ಎಂದು ಮುಗಿಸಿದರು.

ಜಯಣ್ಣ ಬೇರೆ ಒಂದು ಅಭ್ಯಾಸ ಹಚ್ಚಿಕೊಂಡರು. ಕಮಲಕ್ಕನೇ ಹೇಳಿದ್ದು.

"ದಿನಾ ಬೆಳಿಗ್ಗೆ ನನ್ ಬಾಯಿ ಮೂಸ್ತಾರೆ ಕಣವ್ವ. ಹಲ್ಲುಜ್ಜಕ್ಕೆ ಮುಂಚೆ. ನಾಯಿ ಮೂಸ್ದಂಗೆ."

"ಬೇಡ ಅನ್ನಿ."

"ಅಂದೆ. ಕೇಳಲ್ಲ. ನಿದ್ದೆ ಮಾಡ್ತಾ ಇದ್ರೂ ಬಿಡಲ್ಲ. ಒಂದ್ಸಲ ಎಚ್ಚರ ಆಗಿ ನೋಡಿದ್ರೆ ಮೂಗಿನ್ ಹತ್ರ ಮೂಗು. ಎದೆ ಒಡ್ದೋಯ್ತು."

ನಾನು ನಕ್ಕೆ. ಒಳಗೆ ನಗು ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಹಣ್ಣು ತಿಂದು ಬಾಯಿ ತೆರೆದರೆ ನಾನು ಅವರ ಉಸಿರು ಎಣಿಸುತ್ತಿದ್ದದ್ದು ನನಗೆ ಮಾತ್ರ ಗೊತ್ತಿತ್ತು.

ಕೆಲಸ ಬಿಡುವ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಮತ್ತೆ ಜಯಣ್ಣನವರ ಫೋನು.

"ಮೇಡಂ, ವಾಸ್ನೆ ಬರ್ತಾ ಐತೆ."

ಈ ಸಲ ಹಿಂದೆ ಪಲ್ಪರ್ ಸದ್ದಿರಲಿಲ್ಲ, ದನಿಯಲ್ಲಿ ತಮಾಷೆ ಇರಲಿಲ್ಲ. ಆ ಮಾತ್ರೆ ನಿಂತ ಮೇಲೆ, ಸರಿಯಾಗಿ ಊಟ ಮಾಡುತ್ತಿರುವವರಿಗೆ, ಹಾಗಾಗುವ ಸಂಭವ ತೀರ ಕಡಿಮೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಿಂತಿದ್ದವಳು ಕೂತೆ.

"ಏನಾದರೂ ತಿಂದಿದ್ದಾರಾ?"

"ತಿಂದೆ ಅಂತಾಳೆ. ಸೀಬೆಹಣ್ಣು ಅಂತಾಳೆ. ನಂಗೆ ನಂಬಿಕೆ ಇಲ್ಲ. ಆಸ್ಪತ್ರೆಗೆ ಹೆದ್ರಿ ಸುಳ್ಳು ಹೇಳ್ತಾವ್ಳೋ ಏನೋ."

ಹಿಂದಿನಿಂದ ಕಮಲಕ್ಕನ ದನಿ ಕೇಳಿಸಿತು. "ತಿಂದಿಲ್ಲ ಅಂದ್ರೂ ನಂಬಲ್ಲ, ತಿಂದೆ ಅಂದ್ರೂ ನಂಬಲ್ಲ. ಇವ್ರ ಜೊತೆ ಹೆಂಗೆ ಬಾಳದು ಮಾರಾಯ್ತಿ."

"ಫೋನು ಅವರ ಬಾಯಿ ಹತ್ತಿರ ಹಿಡಿಯಿರಿ," ಎಂದೆ.

ಹಿಡಿದರು. ಕೇಳಿಸಿಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಹಣ್ಣು ಕಚ್ಚಿದ ಸದ್ದು, ಅಗಿಯುವ ಸದ್ದು, ಅದರ ನಡುವೆ ಉಸಿರು. ನಿಧಾನವಾಗಿ ಬಂದು, ನಿಧಾನವಾಗಿ ಹೋಗುತ್ತಿತ್ತು. ಮನೆಯಲ್ಲಿ ಕೂತು ಹಣ್ಣು ತಿನ್ನುವವರ ಉಸಿರು.

"ಸಾಕಾ ಮೇಡಂ?" ಎಂದು ಜಯಣ್ಣ ದೂರದಿಂದ ಕೇಳಿದರು.

ಇನ್ನೂ ಸ್ವಲ್ಪ ಹೊತ್ತು ಹಿಡಿಯಿರಿ ಎಂದೆ.